ಹಾ ಅನ್ರಿ

ನಮ್ಮ ಮನೆಯಲ್ಲಿ ಮಸಾಲೆ ಅನ್ನಕ್ಕೆ ಲವಂಗ ಹಾಕುವುದಿಲ್ಲ. ದಾಲ್ಚಿನ್ನಿ ಬೀಳುತ್ತದೆ, ಯಾಲಕ್ಕಿ ಬೀಳುತ್ತದೆ, ಲವಂಗ ಮಾತ್ರ ಇಲ್ಲ. ಊಟಕ್ಕೆ ಬಂದ ನೆಂಟರು ‘ಏನೋ ಒಂದು ಕಡಿಮಿ ಆಗೇತಲ್ಲ’ ಎಂದು ನಾಲಿಗೆ ಚಪ್ಪರಿಸುವಾಗ ನನ್ನ ಹೆಂಡತಿ ಶಾಂತಾ ನನ್ನತ್ತ ಒಮ್ಮೆ ನೋಡಿ ಸುಮ್ಮನಾಗುತ್ತಾಳೆ. ಮೊನ್ನೆ ಬೈಲಹೊಂಗಲದಲ್ಲಿ ಮುಂಗಾರಿನ ಮೊದಲ ದೊಡ್ಡ ಮಳೆ ಬಿತ್ತು. ಪಕ್ಕದ ಮನೆಯವರು ಅಡಿಗೆಮನೆಯ ಕಿಟಕಿ ತೆರೆದಿಟ್ಟುಕೊಂಡು ತುಪ್ಪದಲ್ಲಿ ಲವಂಗ ಹುರಿದರು. ಹಸಿ ಮಣ್ಣಿನ ವಾಸನೆಯ ಜೊತೆಗೆ ಅದೂ ಬಂದು ಮೂಗಿಗೆ ಬಡಿಯಿತು. ಪಡಸಾಲೆಯಲ್ಲಿ ನಾನೊಬ್ಬನೇ ಕೂತಿದ್ದೆ, ನೋಡುವವರು ಯಾರೂ ಇರಲಿಲ್ಲ. ಆದರೂ ನನ್ನ ಕೈ ತಾನಾಗಿಯೇ ಎದ್ದು ಬಾಯಿ ಮುಚ್ಚಿತು.

ಅದು ಕಿತ್ತೂರು ಸೀಮೆಯ ಹೆದ್ದಾರಿಯಲ್ಲಿ ನಾನು ಕಳೆದ ಒಂದು ಮಳೆಗಾಲದ ವಾಸನೆ. ಠಾಣೆಯ ಹೆಸರು ಬೇಡ, ಅಲ್ಲಿದ್ದವರು ಯಾರೂ ಕೆಟ್ಟವರಲ್ಲ. ನಾನು ಆಗ ಹೆಡ್ ಕಾನ್‌ಸ್ಟೆಬಲ್. ನಮ್ಮ ಕಡೆಯ ಜನರ ಬಾಯಲ್ಲಿ ಹವಾಲ್ದಾರ. ಶಾಂತಾ ಬೈಲಹೊಂಗಲದ ಮನೆಯಲ್ಲಿ, ನಾನು ಠಾಣೆಯ ಹಿಂದಿನ ಕೋಣೆಯಲ್ಲಿ. ವಾರದ ರಜೆ ಸಿಕ್ಕರೆ ಬಸ್ಸು ಹತ್ತಿ ಮನೆಗೆ ಹೋಗುವುದು, ಸಿಗದಿದ್ದರೆ ಫೋನಿನಲ್ಲೇ ಮುಖ ನೋಡಿಕೊಳ್ಳುವುದು.

ಶಾಂತಾಳ ಬಗ್ಗೆ ಒಂದು ಮಾತು ಇಲ್ಲೇ ಹೇಳಿಬಿಡಬೇಕು. ಅವಳ ಅಪ್ಪ ಕುಡಿದು ಕುಡಿದೇ ಹೋದವರು. ನಾನು ಹೆಣ್ಣು ನೋಡಲು ರಾಮದುರ್ಗಕ್ಕೆ ಹೋದಾಗ ಹಿರಿಯರೆಲ್ಲ ಕೂತಿದ್ದರು. ಚಹಾದ ತಟ್ಟೆ ಹಿಡಿದು ಬಂದ ಹುಡುಗಿ ತಲೆ ಎತ್ತಿ ನನ್ನನ್ನು ನೇರವಾಗಿ ಕೇಳಿದಳು: “ಕುಡೀತೀರೇನ್ರಿ?” ಹಿರಿಯರು ಮುಖ ಮುಖ ನೋಡಿಕೊಂಡರು. ನಾನು ಕೊರಳಲ್ಲಿ ಕಟ್ಟಿದ್ದ ಲಿಂಗವನ್ನು ಅಂಗಿಯಿಂದ ಹೊರಗೆ ತೆಗೆದು ಕೈಯಲ್ಲಿ ಹಿಡಿದು, “ಲಿಂಗ ಮುಟ್ಟಿ ಹೇಳತೇನಿ, ಇಲ್ರಿ” ಅಂದೆ. ಆ ಒಂದು ಮಾತಿನ ಮೇಲೆ ಅವಳು ಪೊಲೀಸನನ್ನು ಮದುವೆಯಾದಳು.

ತಂಬಾಕಿನ ಮಾತು ಅವಳು ಕೇಳಲಿಲ್ಲ. ಕೇಳಿದ್ದರೂ ಆಗ ಇಲ್ಲವೆಂದೇ ಹೇಳುತ್ತಿದ್ದೆ, ಏಕೆಂದರೆ ಆಗ ಇರಲಿಲ್ಲ. ಅದು ಅಂಟಿದ್ದು ಸವದತ್ತಿ ಗುಡ್ಡದ ಹುಣ್ಣಿಮೆ ಜಾತ್ರೆಯ ಬಂದೋಬಸ್ತಿನಲ್ಲಿ. ನಿಂತಲ್ಲೇ ಕಣ್ಣು ಮುಚ್ಚಿ ಬೀಳುವ ಹಾಗಿದ್ದಾಗ ಹಿರಿಯರೊಬ್ಬರು ಅಂಗೈಯಲ್ಲಿ ಸುಣ್ಣ ಹಾಕಿ ತಿಕ್ಕಿ, “ದವಡ್ಯಾಗ ಇಟಗೋ ತಮ್ಮಾ, ನಿದ್ದಿ ಓಡಿಹೋಗತೈತಿ” ಎಂದು ಕೊಟ್ಟರು. ನಿದ್ದೆ ಓಡಿಹೋಯಿತು, ತಂಬಾಕು ಉಳಿಯಿತು. ಆಮೇಲೆ ಎಲೆಕ್ಷನ್ನು, ಗಲಾಟೆ, ಸಾಹೇಬರ ಪ್ರವಾಸ, ಯಾವುದೇ ಇರಲಿ, ಊಟ ಸಿಕ್ಕಾಗ ಊಟ, ನಿದ್ದೆ ಸಿಕ್ಕಾಗ ನಿದ್ದೆ, ತಂಬಾಕು ಮಾತ್ರ ಯಾವಾಗಲೂ. ಯಾವುದೋ ಊರಿನ ಸಾಲೆಯ ಬೆಂಚಿನ ಮೇಲೆ ಮಲಗಿ ಎದ್ದವನು ಹಲ್ಲುಜ್ಜುವ ಬ್ರಶ್ ಎಲ್ಲಿಂದ ತರಬೇಕು? ಲಾಠಿ ಮರೆಯದ ನಾವು ಬ್ರಶ್ ಮರೆಯುತ್ತಿದ್ದೆವು. ಜೊತೆಯವರ ಹತ್ತಿರ ಸುಟ್ಟ ತಂಬಾಕಿನ ಪುಡಿ ಇರುತ್ತಿತ್ತು, ಬೆರಳಿನಿಂದ ಅದನ್ನೇ ಒಸಡಿಗೆ ತಿಕ್ಕಿ ಬಾಯಿ ಮುಕ್ಕಳಿಸಿದರೆ ಬೆಳಗಾಯಿತು.

ಮೊದಲು ರಕ್ತ ಕಂಡದ್ದು ರೊಟ್ಟಿಯ ಮೇಲೆ. ಚಚಡಿಯಲ್ಲಿರುವ ನನ್ನ ಅಕ್ಕ ಖಡಕ್ ರೊಟ್ಟಿ ಕಟ್ಟಿ ಕಳಿಸಿದ್ದಳು. ಶೇಂಗಾ ಚಟ್ನಿ ಹಚ್ಚಿ ಕಚ್ಚಿದೆ, ಕಚ್ಚಿದ ಅಂಚು ಕೆಂಪಗಾಗಿತ್ತು. ಚಟ್ನಿಯ ಖಾರವೆಂದುಕೊಂಡು ತಿಂದೆ. ನಾಲ್ಕು ದಿನ ಬಿಟ್ಟು ಬರಿ ರೊಟ್ಟಿಯ ಮೇಲೂ ಅದೇ ಕೆಂಪು. ಆಮೇಲಾಮೇಲೆ ಮುಂದಿನ ಹಲ್ಲುಗಳು ನಾಲಿಗೆ ತಾಗಿದರೆ ಅಲುಗತೊಡಗಿದವು. ಖಡಕ್ ರೊಟ್ಟಿ ಬಿಟ್ಟು ಮೆತ್ತಗಿನ ರೊಟ್ಟಿಗೆ ಬಂದೆ, ಮೆತ್ತಗಿನದನ್ನೂ ಸಾರಿನಲ್ಲಿ ನೆನೆಸಿ ನುಂಗತೊಡಗಿದೆ. ನಲವತ್ತು ದಾಟಿದ ಗಟ್ಟಿ ಆಳು, ಕಳ್ಳನ ಬೆನ್ನು ಹತ್ತಿ ಕಬ್ಬಿನ ಹೊಲ ದಾಟಿ ಓಡಿದವನು, ಊಟಕ್ಕೆ ಕೂತರೆ ಹಲ್ಲಿಲ್ಲದ ಅಜ್ಜನಾಗಿದ್ದೆ.

ಡಾಕ್ಟರಿಗೆ ತೋರಿಸಬಹುದಿತ್ತಲ್ಲ ಎಂದು ನೀವು ಕೇಳಬಹುದು. ಡೆಂಗ್ಯೂ ಬಂದರೆ ನಮ್ಮಲ್ಲಿ ರಜೆ ಕೇಳಬಹುದು, ಕಾಲು ಮುರಿದರೂ ಕೇಳಬಹುದು. ಹಲ್ಲಿಗೆ ಯಾರು ಕೇಳುತ್ತಾರೆ? ಹಿಂದೊಮ್ಮೆ ಒಬ್ಬ ಕೇಳಿದ್ದ. ಅವನು ನಿವೃತ್ತನಾಗುವ ತನಕ ಅವನಿಗೆ ‘ಹಲ್ಲಪ್ಪ’ ಎಂಬ ಹೆಸರೇ ಉಳಿಯಿತು. ಹಾಗೆ ಕರೆದು ನಕ್ಕವರಲ್ಲಿ ನಾನೂ ಇದ್ದೆ.

ರಕ್ತವನ್ನು ನುಂಗಬಹುದು, ನೋವನ್ನೂ ನುಂಗಬಹುದು. ವಾಸನೆಯನ್ನು ಏನು ಮಾಡುವುದು? ನನಗೆ ಅದು ತಿಳಿಯುತ್ತಿರಲಿಲ್ಲ, ತನ್ನ ಬಾಯಿಯ ವಾಸನೆ ತನಗೆ ಎಲ್ಲಿ ಬರುತ್ತದೆ. ತಿಳಿದದ್ದು ಸುಜಾತಾಳಿಂದ. ಅವಳು ನಮ್ಮ ಠಾಣೆಯ ಕಾನ್‌ಸ್ಟೆಬಲ್, ಹೆದ್ದಾರಿ ಡ್ಯೂಟಿಯಲ್ಲಿ ನನ್ನ ಜೋಡಿ. ಇಬ್ಬರಿಗೂ ಸೇರಿ ಒಂದೇ ವಾಕಿಟಾಕಿ. ನಾನು ಮಾತಾಡಿ ಅವಳ ಕೈಗೆ ಕೊಟ್ಟರೆ ಅವಳು ಆ ಕಡೆ ತಿರುಗಿ, ಕರವಸ್ತ್ರದ ಅಂಚಿನಿಂದ ಅದನ್ನು ಮೆಲ್ಲಗೆ ಒರೆಸಿ, ಆಮೇಲೆ ಬಾಯಿಯ ಹತ್ತಿರ ತರುತ್ತಿದ್ದಳು. ಒಂದು ದಿನ ಜೀಪಿನ ಗಾಜಿನಲ್ಲಿ ಅದು ನನಗೆ ಕಂಡಿತು. ಅಂದಿನಿಂದ ವಾಕಿಟಾಕಿಯನ್ನು ಅವಳ ಕೈಯಲ್ಲೇ ಬಿಟ್ಟು, “ನೀನಽ ಮಾತಾಡವಾ” ಎನ್ನತೊಡಗಿದೆ. ಒಳಗೆ ಮಾತ್ರ ಸತ್ತುಹೋದ ಹಾಗಾಗಿತ್ತು.

ಅಂಥವನಿಗೆ ಸಿಕ್ಕ ಕೆಲಸ ನೋಡಿ. ಕುಡಿದು ಗಾಡಿ ಓಡಿಸುವವರನ್ನು ಹಿಡಿಯಬೇಕು. ಊದಿಸುವ ಮಷಿನ್ ಒಂದೇ, ಅದು ಬಹಳ ಸಲ ಸಾಹೇಬರ ಗಾಡಿಯಲ್ಲೇ ಇರುತ್ತಿತ್ತು. ಅದಿಲ್ಲದ ದಿನ ನಮ್ಮ ಮೂಗೇ ಮಷಿನ್ನು. ಗಾಡಿ ನಿಲ್ಲಿಸಿ, ಡ್ರೈವರನ ಮುಖದ ಹತ್ತಿರ ಮುಖ ಒಯ್ದು, “ಹಾ ಅನ್ರಿ” ಅನ್ನಬೇಕು. ಅವನು ‘ಹಾ’ ಎಂದು ಉಸಿರು ಬಿಡುತ್ತಾನೆ, ನಾವು ಮೂಸಿ ನೋಡುತ್ತೇವೆ. ‘ಹಾ ಅನ್ರಿ’ ಅನ್ನಲು ನಾನೂ ಬಾಯಿ ತೆರೆಯಬೇಕಲ್ಲ. ಡ್ರೈವರುಗಳು ಮುಖ ಹಿಂದೆ ಸರಿಸುತ್ತಿದ್ದರು. ಕುಡಿದಿರಬೇಕು, ಅದಕ್ಕೇ ಸರಿಯುತ್ತಾರೆ ಎಂದು ನಾನು ಬಹಳ ದಿನ ತಿಳಿದಿದ್ದೆ.

ಒಂದು ಸಂಜೆ ಜಿಟಿಜಿಟಿ ಮಳೆ. ಬೈಕಿನ ಮೇಲೆ ಗಂಡಹೆಂಡತಿ ನೇಸರಗಿಯ ಕಡೆ ಹೊರಟಿದ್ದರು. ಹೆಂಗಸಿನ ಮಡಿಲಲ್ಲಿ ಸಂತೆಯ ಚೀಲವಿತ್ತು. ಗಂಡನಿಗೆ ಹಾ ಅನ್ನಿಸಿದೆ, ಪಾಪ, ಬರಿ ಚಹಾದ ವಾಸನೆ. “ಹೋಗ್ರಿ, ಹೆಲ್ಮೆಟ್ ಹಾಕ್ಕೊಂಡ ಹೋಗ್ರಿ” ಅಂದೆ. ಹೆಂಗಸು ಸೆರಗನ್ನು ಮೂಗಿಗೆ ಒತ್ತಿಕೊಂಡಿದ್ದಳು. ಬೈಕು ಹೊರಡುವಾಗ ಗಂಡನ ಕಿವಿಯಲ್ಲಿ ಹೇಳಿದ ಮಾತು ನನಗೂ ಕೇಳಿತು. “ಈ ಪೊಲೀಸಪ್ಪಗ ಯಾರೂ ಹಾ ಅನ್ರಿ ಅನ್ನೂದಿಲ್ಲೇನ್ರಿ?”

ಸುಜಾತಾ ಎದುರಿಗೆ ನಿಂತ ಲಾರಿಯ ನಂಬರನ್ನು ಬಹಳ ಹೊತ್ತು ಓದುತ್ತ ನಿಂತಳು. ಯಾರಾದರೂ ನನ್ನ ಕಪಾಳಕ್ಕೆ ಹೊಡೆದಿದ್ದರೆ ಕೇಸು ಹಾಕಬಹುದಿತ್ತು, ಇದಕ್ಕೆ ಯಾವ ಕಲಮು ಹಚ್ಚುವುದು? ಮರುದಿನದಿಂದ ಮಾಸ್ಕ್ ಹಾಕಿದೆ. ಕೇಳಿದವರಿಗೆ ಧೂಳು ಎಂದೆ. ಮಳೆಗಾಲದಲ್ಲಿ ಎಲ್ಲಿಯ ಧೂಳು ಎಂದು ಯಾರೂ ಮರಳಿ ಕೇಳಲಿಲ್ಲ, ಅದೇ ಅವರ ದೊಡ್ಡ ಗುಣ. ಕಿಸೆಯಲ್ಲಿ ಲವಂಗದ ಪೊಟ್ಟಣ, ದವಡೆಯಲ್ಲಿ ಯಾವಾಗಲೂ ಒಂದೆರಡು ಲವಂಗ. ನಾಲಿಗೆ ಉರಿದು ಮರಗಟ್ಟಿತು.

ಮನೆಗೆ ಹೋದರೆ ಇನ್ನೊಂದು ಕಷ್ಟ. ಮಧ್ಯಾಹ್ನ ಉಂಡು ಅಡ್ಡಾದರೆ ಗೋಡೆಯ ಕಡೆ ಮುಖ ಮಾಡಿ ಮಲಗುತ್ತಿದ್ದೆ. ರಾತ್ರಿಯೂ ಹಾಗೆಯೇ. ಶಾಂತಾ ನನ್ನ ಬೆನ್ನಿನ ಜೊತೆ ಮಾತಾಡುತ್ತಿದ್ದಳು. ಅಕ್ಕಿ ಮುಗಿದದ್ದು, ನಳ ಕೆಟ್ಟದ್ದು, ಅವಳ ತಮ್ಮನ ಹೊಸ ಮನೆ. ನಾನು ಹ್ಞೂಂ ಎನ್ನುತ್ತಿದ್ದೆ. ಹ್ಞೂಂ ಅನ್ನಲು ಬಾಯಿ ತೆರೆಯಬೇಕಾಗಿಲ್ಲ. ಒಮ್ಮೆ ಅವಳು ಮಾತು ನಿಲ್ಲಿಸಿ ಕೇಳಿದಳು:

“ನಿಮಗ ನಾ ಬ್ಯಾಡಾಗೇನೇನ್ರಿ?”

“ಹಂಗೇನಿಲ್ಲ. ದಣದೇನಿ.” ಅದನ್ನೂ ಗೋಡೆಗೇ ಹೇಳಿದೆ. ಅವಳು ಎದ್ದು ಹಿತ್ತಲಿಗೆ ಹೋದಳು, ಬಹಳ ಹೊತ್ತು ಒಳಗೆ ಬರಲಿಲ್ಲ.

ಶ್ರಾವಣದ ಒಂದು ಸೋಮವಾರ ಬೆಳಿಗ್ಗೆ ಏಳುವಾಗ ಬಲದವಡೆ ಬಾತುಕೊಂಡಿತ್ತು. ನೋವು ಕಿವಿಗೆ, ಕಿವಿಯಿಂದ ತಲೆಗೆ. ಮೈ ಸುಡುತ್ತಿತ್ತು. ಅಂದು ಯಾರೋ ಮಂತ್ರಿಗಳು ಹೆದ್ದಾರಿಯಲ್ಲಿ ಹಾದುಹೋಗುವವರಿದ್ದರು, ಠಾಣೆಯ ಪ್ರತಿಯೊಬ್ಬನೂ ರಸ್ತೆಯ ಮೇಲಿರಬೇಕು. ನಮ್ಮ ಜಮಾದಾರ ಕಲ್ಮೇಶಣ್ಣ, ನನಗಿಂತ ಹಿರಿಯರು, ನನ್ನ ಮುಖ ನೋಡಿ ತಮ್ಮ ಟ್ರಂಕಿನಿಂದ ಒಂದು ಸಣ್ಣ ಔಷಧಿ ಬಾಟಲಿ ತೆಗೆದರು.

“ಬ್ರಾಂದಿ ಐತಿ. ಹತ್ತಿ ಅದ್ದಿ ಹಲ್ಲಿನ ಸಂದ್ಯಾಗ ಇಟಗೋ. ನಮ್ಮವ್ವ ಹಿಂಗಽ ಮಾಡ್ತಿದ್ಲು.”

“ಅಣ್ಣಾ, ಶ್ರಾವಣ ಸ್ವಾಮಾರ...”

“ಕುಡಿ ಅನ್ನಾಕತ್ತಿಲ್ಲೋ ಮಾರಾಯಾ. ಇಟಗೋ ಅನ್ನಾಕತ್ತೇನಿ.”

ಅಷ್ಟು ಹೇಳಿ, ಬಾಟಲಿ ನನ್ನ ಕೈಗಿಟ್ಟು ಅವರು ಧಾರವಾಡದ ಕಡೆಯ ಪಾಯಿಂಟಿಗೆ ಹೊರಟುಹೋದರು. ಕೊರಳಿನ ಲಿಂಗವನ್ನು ಬೆನ್ನ ಹಿಂದೆ ಸರಿಸಿದೆ, ಅದು ನೋಡದಿರಲಿ ಎನ್ನುವವನ ಹಾಗೆ. ಹತ್ತಿ ಅದ್ದಿ ದವಡೆಯಲ್ಲಿ ಒತ್ತಿದೆ. ಉರಿ ನೆತ್ತಿಗೇರಿತು, ನೋವು ಸ್ವಲ್ಪ ತಗ್ಗಿತು. ರಸ್ತೆಯಲ್ಲಿ ನಿಂತಾಗ ತಗ್ಗಿದ ನೋವು ಮತ್ತೆ ಎದ್ದಿತು. ಇನ್ನೊಮ್ಮೆ ಹತ್ತಿ ಅದ್ದಿ ಇಟ್ಟುಕೊಂಡೆ.

ಮಂತ್ರಿಗಳ ಗಾಡಿಗಳು ಹಾದುಹೋದ ಮೇಲೆ ನಮ್ಮ ಪಿಎಸ್ಐ ಸಾಹೇಬರು ಒಬ್ಬೊಬ್ಬರನ್ನೇ ನೋಡುತ್ತ ಬಂದರು. ಮೈಸೂರು ಕಡೆಯವರು, ವಯಸ್ಸಿನಲ್ಲಿ ನನಗಿಂತ ಸಣ್ಣವರು, ಒಳ್ಳೆಯ ಮನುಷ್ಯ. ಜ್ವರದಲ್ಲಿ ನನ್ನ ಕಣ್ಣು ಕೆಂಪಾಗಿದ್ದವು, ಕಾಲು ನಿಲ್ಲುತ್ತಿರಲಿಲ್ಲ. ಏನೋ ಕೇಳಿದರು. ಬಾತ ಬಾಯಿಯಿಂದ ನನ್ನ ಉತ್ತರ ತೊದಲಿ ಬಂತು. ಅವರು ಹತ್ತಿರ ಬಂದರು, ನಿಂತರು.

“ಮಾಸ್ಕ್ ತೆಗೀರಿ. ಕುಡಿದಿದ್ದೀರೇನ್ರೀ?”

ನಾನು ಇಲ್ಲವೆಂದು ತಲೆಯಾಡಿಸಿದೆ. ಮಷಿನ್ ತರಿಸಿದರು. ಊದಿದೆ. ಅದು ಕೂಗಿಕೊಂಡಿತು.

ನಾನು ಹೇಳಬೇಕೆಂದಿರುವುದು ಇದೇ. ಬಾಯಲ್ಲಿ ಬ್ರಾಂದಿಯ ಹತ್ತಿಯಿದ್ದರೆ ಮಷಿನ್ ಕೂಗುತ್ತದೆಂದು ನನಗೆ ಗೊತ್ತಿತ್ತು. ಬಾಯಿಗೆ ಔಷಧಿ ಹಾಕಿಕೊಂಡಿದ್ದೇವೆ ಎಂದ ಡ್ರೈವರುಗಳಿಗೆ ನಾನೇ ಎಷ್ಟೋ ಸಲ ನೀರು ಕೊಟ್ಟು, ಬಾಯಿ ತೊಳೆಸಿ, ಸ್ವಲ್ಪ ಹೊತ್ತು ಕೂಡಿಸಿ ಮತ್ತೆ ಊದಿಸಿದ್ದೇನೆ. ‘ಸಾಹೇಬ್ರ, ಹಲ್ಲಿಗೆ ಹತ್ತಿ ಇಟ್ಟೇನ್ರಿ’ ಎಂಬ ಒಂದು ಮಾತು ಸಾಕಿತ್ತು. ಹೇಳಿದರೆ ಅವರು ಬಾಯಿ ತೆರೆಯಿರಿ ಎನ್ನುತ್ತಿದ್ದರು. ಸುಜಾತಾ ಅಲ್ಲೇ ನಿಂತಿದ್ದಳು, ಇಬ್ಬರು ಹೋಂಗಾರ್ಡುಗಳು ನಿಂತಿದ್ದರು, ರಸ್ತೆಯ ಬದಿಗೆ ಲಾರಿಗಳ ಸಾಲು. ಅಷ್ಟು ಜನರ ಎದುರು ಆ ಹುಣ್ಣುಹತ್ತಿದ ಬಾಯಿ ತೆರೆಯುವುದಕ್ಕಿಂತ ಕುಡುಕ ಅನ್ನಿಸಿಕೊಳ್ಳುವುದು ನನಗೆ ಸಲೀಸೆನಿಸಿತು. ಕುಡುಕ ಪೊಲೀಸನನ್ನು ಲೋಕ ನೋಡಿದೆ, ಬೈದು ಬಿಟ್ಟುಬಿಡುತ್ತದೆ. ಕೊಳೆತ ಬಾಯಿಯವನನ್ನು ನೋಡಿ ಮೂಗು ಮುಚ್ಚಿಕೊಳ್ಳುತ್ತದೆ. ನೌಕರಿ ಹೋಗಬಹುದು ಎಂಬುದು ಆಗ ನೆನಪಿಗೆ ಬರಲಿಲ್ಲ. ಶಾಂತಾ ಕೂಡ ನೆನಪಿಗೆ ಬರಲಿಲ್ಲ.

ಸಾಹೇಬರು ಮುಖ ಸಣ್ಣದು ಮಾಡಿಕೊಂಡು, “ಆಸ್ಪತ್ರೆಗೆ ಕರ್ಕೊಂಡ್ ಹೋಗಿ, ಪರೀಕ್ಷೆ ಮಾಡ್ಸಿ” ಎಂದರು. ಸುಜಾತಾಳನ್ನೇ ಜೊತೆಗೆ ಕಳಿಸಿದರು. ಕುಡಿದವರನ್ನು ಎಷ್ಟೋ ಸಲ ನಾನು ಕೂಡಿಸಿಕೊಂಡು ಹೋದ ಜೀಪಿನ ಹಿಂದಿನ ಸೀಟಿನಲ್ಲಿ ಅಂದು ನಾನು ಕೂತೆ.

ದವಾಖಾನೆಯ ಡಾಕ್ಟರಮ್ಮ ಬಾಯಿ ತೆರೆಯಿರಿ ಎಂದರು. ನಾನು ತೆರೆಯಲಿಲ್ಲ. ಮತ್ತೆ ಹೇಳಿದರು. ನೆಲ ನೋಡುತ್ತ ಕೂತೆ. “ಸಹಕರಿಸುತ್ತಿಲ್ಲ ಅಂತ ಬರೀಬೇಕಾಗ್ತದ ನೋಡ್ರಿ” ಎಂದರು ಡಾಕ್ಟರಮ್ಮ. ಆಗ ಸುಜಾತಾ ನನ್ನ ಪಕ್ಕಕ್ಕೆ ಬಂದಳು.

“ಅಣ್ಣಾರ, ನೀವ ಕುಡಿಯೂದಿಲ್ಲಂತ ನನಗ ಗೊತ್ತೈತ್ರಿ. ಮತ್ತ ಅದೂ ಗೊತ್ತೈತ್ರಿ. ನಾ ಹೊರಗ ನಿಂದರತೇನಿ. ಬಾಯಿ ತಗೀರಿ.”

ಅವಳು ಹೊರಗೆ ಹೋಗಿ ಬಾಗಿಲೆಳೆದುಕೊಂಡಳು. ‘ಅದೂ’ ಅಂದಳೇ ಹೊರತು ಹೆಸರು ಹೇಳಲಿಲ್ಲ. ನನಗೆ ಅಳು ಬಂದುಬಿಟ್ಟಿತು, ಅಳುವಾಗ ಬಾಯಿ ತಾನಾಗಿ ತೆರೆಯಿತು. ಡಾಕ್ಟರಮ್ಮ ಅರ್ಧ ಹೆಜ್ಜೆ ಹಿಂದೆ ಸರಿದರು, ಅದನ್ನು ನಾನು ನೋಡಿದೆ. ಆಮೇಲೆ ಮುಂದೆ ಬಂದು ಚಿಮಟಿಗೆಯಿಂದ ಹತ್ತಿ ತೆಗೆದರು. ಹಲ್ಲಿನ ಡಾಕ್ಟರನ್ನು ಕರೆಸಿದರು. ಒಸಡಿನ ರೋಗ ಎಲುಬಿನ ತನಕ ಇಳಿದಿದೆ, ಕೀವು ತುಂಬಿದೆ, ಇನ್ನೂ ತಡ ಮಾಡಿದ್ದರೆ ಜೀವಕ್ಕೇ ಬರುತ್ತಿತ್ತು ಎಂದರು. ರಕ್ತವನ್ನು ಪರೀಕ್ಷೆಗೆ ತೆಗೆದುಕೊಂಡರು. ದವಡೆ ಕೊಯ್ದು ಕೀವು ತೆಗೆದು, ಅಲುಗುವ ಹಲ್ಲುಗಳನ್ನು ಕಿತ್ತರು. ಅಂದು ಅಲ್ಲೇ ಮಲಗಿಸಿಕೊಂಡರು. ಡಾಕ್ಟರಮ್ಮನೇ ಸಾಹೇಬರಿಗೆ ಫೋನ್ ಮಾಡಿ ಹೇಳಿದರು. ಸಂಜೆ ಸಾಹೇಬರು ಬಂದು ಕಾಟಿನ ಪಕ್ಕ ನಿಂತು, “ಒಂದು ಮಾತು ಹೇಳಬಾರದಿತ್ತೇನ್ರೀ?” ಎಂದರು. ನಾನು ಬಾಯಿಗೆ ತುಂಬಿದ ಬಟ್ಟೆ ತೋರಿಸಿದೆ. ಆ ಬಟ್ಟೆಗೆ ನಾನು ಎಷ್ಟು ಋಣಿಯಾಗಿದ್ದೆನೋ ದೇವರಿಗೇ ಗೊತ್ತು.

ಹಲ್ಲಿಗೆ ರಜೆ ಸಿಕ್ಕಿತು. ಮರುದಿನ ಮನೆಗೆ ಹೋದಾಗ ಶಾಂತಾ ಬಾಗಿಲಲ್ಲೇ ಕೂತಿದ್ದಳು. ಪಕ್ಕದಲ್ಲಿ ಬಟ್ಟೆ ತುಂಬಿದ ಚೀಲ. ನಿಜ ಹೆದ್ದಾರಿಯಿಂದ ಬಸ್ಸು ಹತ್ತಿ ಬರಬೇಕು, ಸುಳ್ಳು ಫೋನಿನಲ್ಲಿ ಬರುತ್ತದೆ. ನನಗಿಂತ ಮೊದಲೇ ಯಾರೋ ಅವಳಿಗೆ ಹೇಳಿದ್ದರು.

“ಕುಡದಾರಂತ ನಿಮ್ಮನ್ನ ದವಾಖಾನಿಗೆ ಒಯ್ದರಂತ. ಹೌದೋ ಅಲ್ಲೋ, ಅಷ್ಟ ಹೇಳ್ರಿ. ಹೌದಂದ್ರ ನಾ ತಮ್ಮನ ಮನಿಗಿ ಹೋಗತೇನಿ.”

ಬಾಯಲ್ಲಿ ಹೊಲಿಗೆ, ಮುಖದಲ್ಲಿ ಬಾವು. ಅಲ್ಲವೆಂದು ತಲೆಯಾಡಿಸಿದೆ.

“ತಲಿ ಅಳ್ಳಾಡಿಸಬ್ಯಾಡ್ರಿ. ನಮ್ಮಪ್ಪನೂ ತಲಿ ಅಳ್ಳಾಡಿಸತಿದ್ದ.” ಅವಳು ಎದ್ದು ನನ್ನ ಎದುರಿಗೆ ಬಂದು ನಿಂತಳು. “ಅವ್ವ ನನ್ನ ಬಾಗಲಾಗ ನಿಂದರಸತಿದ್ಲು. ಅಪ್ಪ ಬಂದ ಕೂಡ್ಲೆ ನಾ ಬಾಯಿ ಮೂಸಿ ನೋಡಿ ಅವ್ವಗ ಹೇಳಬೇಕಾಗಿತ್ತು. ಆ ವಾಸನಿ ನಾ ಸತ್ತರೂ ಮರಿಯೂದಿಲ್ಲ. ಹಾ ಅನ್ರಿ.”

ಇಷ್ಟು ವರ್ಷ ಅವಳು ಇದನ್ನು ನನಗೆ ಹೇಳಿರಲಿಲ್ಲ. ಗೋಡೆಯ ಕಡೆ ತಿರುಗಬೇಕೆನಿಸಿತು. ತಿರುಗಲು ಅಲ್ಲಿ ಗೋಡೆಯಿರಲಿಲ್ಲ, ಬಾಗಿಲಿತ್ತು, ಓಣಿಯಿತ್ತು. ಕಣ್ಣು ಮುಚ್ಚಿಕೊಂಡು, ಬಾಯಿ ತೆರೆದು, ಹಾ ಅಂದೆ.

ರಕ್ತ, ಔಷಧಿ, ಲವಂಗ, ಒಳಗಿನ ಕೊಳೆ, ಎಲ್ಲವೂ ಅವಳ ಮುಖಕ್ಕೆ ಬಡಿದಿರಬೇಕು. ಸೆರಗಿನ ಸಪ್ಪಳ ಕೇಳುತ್ತೇನೆಂದು ಕಾದೆ. ಕೇಳಲಿಲ್ಲ. ಕಣ್ಣು ತೆರೆದರೆ ಅವಳು ನಿಂತಲ್ಲೇ ನಿಂತಿದ್ದಳು. ಅರ್ಧ ಹೆಜ್ಜೆಯೂ ಸರಿದಿರಲಿಲ್ಲ. ನನ್ನ ಗದ್ದ ಹಿಡಿದು ಬೆಳಕಿಗೆ ತಿರುಗಿಸಿ, ಹಲ್ಲು ಹೋದ ಜಾಗ, ಕಪ್ಪುಗಟ್ಟಿದ ಒಸಡು, ಹೊಲಿಗೆ, ಒಂದೊಂದಾಗಿ ನೋಡಿದಳು.

“ಇದಕ್ಕೇನ್ರಿ?” ಅಂದಳು. “ಇದಕ್ಕೇನ್ರಿ ನೀವ ಗ್ವಾಡಿ ಕಡೆ ಮಾರಿ ಮಾಡಿ ಮಲಗತಿದ್ದಿದ್ದು? ನಾ ಏನೇನ ಅಂದಕೊಂಡಿದ್ದೆ. ನನ್ನ ಮಾರಿ ನಿಮಗ ಹೇಸಿಕಿ ಆಗೇತಿ ಅಂದಕೊಂಡಿದ್ನಲ್ರಿ.”

ಬಾಗಿಲಲ್ಲೇ ಕೂತು ಅತ್ತಳು. ನಾನು ಅವಳ ಚೀಲದ ಪಕ್ಕ ಕೂತೆ. ಹೆದ್ದಾರಿಯಲ್ಲಿ ನಿಂತಾಗ ಆದ ನಾಚಿಕೆ ಇದರ ಮುಂದೆ ಏನೇನೂ ಅಲ್ಲ. ಅಲ್ಲಿ ನಾನೊಬ್ಬನೇ ಸಣ್ಣವನಾಗಿದ್ದೆ. ಇಲ್ಲಿ ನನ್ನ ನಾಚಿಕೆಯನ್ನು ಬಚ್ಚಿಡಲು ಹೋಗಿ ಅವಳಿಗೆ ಅವಳ ಮೇಲೆಯೇ ಹೇಸಿಕೆ ಹುಟ್ಟಿಸಿದ್ದೆ.

ರಕ್ತದಲ್ಲಿ ಏನೂ ಇಲ್ಲವೆಂದು ಬಂತು, ನೌಕರಿ ಉಳಿಯಿತು. ತಂಬಾಕು ಬಿಟ್ಟೆ, ಬಿಡುವಾಗ ಶಾಂತಾಳ ಜೀವ ತಿಂದೆ. ದಸರೆ ಮುಗಿದ ಮೇಲೆ ಸಾಹೇಬರು ಠಾಣೆಗೇ ಹಲ್ಲಿನ ಡಾಕ್ಟರನ್ನು ಕರೆಸಿದರು. ದೊಡ್ಡ ದೊಡ್ಡ ಮೀಸೆಯ ಆಳುಗಳೆಲ್ಲ ಟೋಪಿಯನ್ನು ಬಾಯಿಗೆ ಅಡ್ಡ ಹಿಡಿದುಕೊಂಡು ಸಾಲಾಗಿ ನಿಂತಿದ್ದರು, ಎಲ್ಲರ ಹಿಂದೆ ಕಲ್ಮೇಶಣ್ಣ. ನಾನು ನಗಲಿಲ್ಲ.

ಈಗ ಕಟ್ಟಿಸಿದ ಹಲ್ಲುಗಳಿವೆ. ಡಾಕ್ಟರು ಬಾಯಿ ಸ್ವಚ್ಛವಾಗಿದೆ ಎನ್ನುತ್ತಾರೆ, ಶಾಂತಾಳೂ ಅನ್ನುತ್ತಾಳೆ. ಮೊನ್ನೆ ಮಳೆ ನಿಂತ ಮೇಲೆ ಪಕ್ಕದ ಮನೆಯವರು ಒಂದು ಬಟ್ಟಲು ಮಸಾಲೆ ಅನ್ನ ಕೊಟ್ಟು ಹೋದರು. ಶಾಂತಾ ನನ್ನ ಪಕ್ಕದಲ್ಲಿ ಕೂತು ಲವಂಗಗಳನ್ನು ಆರಿಸಿ ತೆಗೆದು ತಟ್ಟೆ ನನ್ನ ಮುಂದಿಟ್ಟಳು. ಆಮೇಲೆ ಏನೋ ಹೇಳಲು ಮುಖ ಹತ್ತಿರ ತಂದಳು. ಅವಳು ಹಾಗೆ ಹತ್ತಿರ ಬಂದರೆ ನಾನು ಇವತ್ತಿಗೂ ಉಸಿರು ಹಿಡಿಯುತ್ತೇನೆ. ಅವಳಿಗೆ ಅದು ಗೊತ್ತು. ನಾನು ಉಸಿರು ಬಿಡುವ ತನಕ ಅವಳು ಅಲ್ಲಿಂದ ಏಳುವುದಿಲ್ಲ.